ಕಡಲ ಕಾವಲಿನ ವಿಮಾನಗಳು ಗಡಿಗೆ ಹೋಗಲಿ, ಆದರೆ ಲೆಕ್ಕವಿಟ್ಟು ಹೋಗಲಿ: ರಕ್ಷಣಾ ಸಚಿವರಿಗೆ ಮಲ್ಪೆಯಿಂದ ಒಂದು ಬಹಿರಂಗ ಪತ್ರ

ಮಾನ್ಯ ರಕ್ಷಣಾ ಸಚಿವರಿಗೆ,

ವಂದನೆಗಳು.

2023ರ ಡಿಸೆಂಬರ್ 23ರಂದು ಸೌದಿ ಅರೇಬಿಯಾದಿಂದ ಕಚ್ಚಾ ತೈಲ ಹೇರಿಕೊಂಡು ನಮ್ಮ ನವಮಂಗಳೂರು ಬಂದರಿಗೆ ಬರುತ್ತಿದ್ದ ಕೆಮ್ ಪ್ಲೂಟೊ ಎಂಬ ಟ್ಯಾಂಕರಿಗೆ, ಪೋರಬಂದರಿನಿಂದ ಇನ್ನೂರು ನಾಟಿಕಲ್ ಮೈಲಿಗೂ ಆಚೆ, ನಡುಗಡಲಿನಲ್ಲಿ ಡ್ರೋನ್ ಬಂದು ಬಡಿಯಿತು. ಹಡಗಿನಲ್ಲಿದ್ದವರು 22 ಮಂದಿ, ಅವರಲ್ಲಿ 21 ಮಂದಿ ಭಾರತೀಯರು. ಹತ್ತಿಕೊಂಡ ಬೆಂಕಿಯನ್ನು ಅವರೇ ಹೇಗೋ ಆರಿಸಿದರು. ಮಧ್ಯಾಹ್ನದ ಹೊತ್ತಿಗೆ ಕಡಲು ಕಾಯಲು, ಜಲಾಂತರ್ಗಾಮಿ ಹುಡುಕಲು ಇರುವ ನೌಕಾಪಡೆಯ ಪಿ-8ಐ ವಿಮಾನ ಹಡಗಿನ ಮೇಲೆ ಹಾರಿ, ರೇಡಿಯೊದಲ್ಲಿ ಮಾತಾಡಿಸಿ, ಎಲ್ಲರೂ ಜೀವಂತ ಇದ್ದಾರೆಂದು ಖಚಿತಪಡಿಸಿಕೊಂಡಿತು. ಯುದ್ಧನೌಕೆ ಮೊರ್ಮುಗಾವ್ ಅಲ್ಲಿಗೆ ಮುಟ್ಟಿದ್ದು ಸಂಜೆ. ನಡುವಿನ ಆ ಗಂಟೆಗಳಲ್ಲಿ, ಮಂಗಳೂರಿಗೆ ಎಣ್ಣೆ ತರುತ್ತಿದ್ದ ಆ ನಾವಿಕರ ಪಾಲಿಗೆ ಭಾರತ ಸರ್ಕಾರ ಎಂದರೆ ತಲೆಯ ಮೇಲೆ ಸುತ್ತು ಹಾಕಿದ ಆ ವಿಮಾನ ಒಂದೇ.

ಇದೇ ಜಾತಿಯ ವಿಮಾನಗಳನ್ನು ನಾವು ಹಿಮಾಲಯದ ಗಡಿಯ ಮೇಲೂ ಹಾರಿಸಿದ್ದೇವೆ. ಅದರ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ.

ನಾನು ನೌಕಾಪಡೆಯ ವೈಮಾನಿಕ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಮನೆ ಮಲ್ಪೆಯಲ್ಲಿ, ಮನೆತನ ಮೀನುಗಾರಿಕೆಯದ್ದು. ಈ ಪತ್ರದಲ್ಲಿ ಗುಟ್ಟಿನ ಸಂಗತಿ ಒಂದೂ ಇಲ್ಲ. ಎಲ್ಲವೂ ಪತ್ರಿಕೆಗಳಲ್ಲಿ ಬಂದದ್ದು, ಸರ್ಕಾರವೇ ಹೇಳಿದ್ದು, ಹೊರದೇಶಗಳ ತನಿಖಾ ವರದಿಗಳಲ್ಲಿ ಇರುವಂಥದ್ದು.

2017ರಲ್ಲಿ ದೋಕ್ಲಾಮ್ ಬಿಕ್ಕಟ್ಟಿನ ಹೊತ್ತಿಗೇ ಪಿ-8ಐ ವಿಮಾನಗಳನ್ನು ಗಡಿ ಕಣ್ಗಾವಲಿಗೆ ಬಳಸಿದ ಸುದ್ದಿ ಬಂದಿತ್ತು. 2020ರಲ್ಲಿ ಗಾಲ್ವಾನ್ ಸಂಘರ್ಷ ನಡೆದ ಮೇಲೆ ಆ ಡಿಸೆಂಬರಿನಲ್ಲಿ ಅಂದಿನ ನೌಕಾಪಡೆ ಮುಖ್ಯಸ್ಥ ಅಡ್ಮಿರಲ್ ಕರಂಬೀರ್ ಸಿಂಗ್ ಅವರೇ, ಭೂಸೇನೆ ಮತ್ತು ವಾಯುಪಡೆಯ ಕೋರಿಕೆಯಂತೆ ಪಿ-8ಐಗಳನ್ನೂ ಹೆರಾನ್ ಡ್ರೋನ್‌ಗಳನ್ನೂ ಉತ್ತರದ ಕಡೆ ನಿಯೋಜಿಸಿದ್ದೇವೆ ಎಂದು ಸುದ್ದಿಗೋಷ್ಠಿಯಲ್ಲಿ ತಿಳಿಸಿದರು. ಅದನ್ನು ಕೇಳಿ ನನಗೆ ಹೆಮ್ಮೆಯೇ ಆಯಿತು. ಇಪ್ಪತ್ತು ಯೋಧರ ಪ್ರಾಣ ಹೋದ ವರ್ಷ ಅದು. ಎದುರಿನವರು ಎಲ್ಲಿ ಎಷ್ಟು ಲಾರಿ, ಎಷ್ಟು ಟ್ಯಾಂಕ್ ತಂದು ನಿಲ್ಲಿಸಿದ್ದಾರೆ ಎಂದು ಗೊತ್ತಾಗಬೇಕಿತ್ತು. ಆ ಕೆಲಸಕ್ಕೆ ಆಗಿಬರುವ ವಿಮಾನ ನೌಕಾಪಡೆಯ ಹತ್ತಿರ ಇತ್ತು, ಕೊಟ್ಟರು. ಮನೆಗೆ ಬೆಂಕಿ ಬಿದ್ದಾಗ ಕೊಡಪಾನ ಯಾರದ್ದೆಂದು ಯಾರೂ ಕೇಳುವುದಿಲ್ಲ.

ಆಗಿಬರುತ್ತದೆ ಎಂದೆ. ಯಾಕೆ ಎನ್ನುವುದನ್ನು ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಿ-8ಐ ಎಂದರೆ ನಾವು ಮಂಗಳೂರಿನ ಬಜಪೆಯಿಂದ ಬೆಂಗಳೂರಿಗೋ ಮುಂಬೈಗೋ ಹತ್ತುವಂಥ ಬೋಯಿಂಗ್ 737 ವಿಮಾನದ ಸೈನಿಕ ರೂಪ. ನೆಲೆಯಿಂದ ಸುಮಾರು 2,200 ಕಿಲೋಮೀಟರ್ ದೂರ ಹೋಗಿ, ಅಲ್ಲಿ ನಾಲ್ಕು ಗಂಟೆ ಗಸ್ತು ತಿರುಗಿ, ವಾಪಸು ಬರುವ ತ್ರಾಣ ಅದಕ್ಕಿದೆ. ಮೂತಿಯಲ್ಲಿರುವ ರಾಡಾರು ಸಮುದ್ರದಲ್ಲಿ ಪೆರಿಸ್ಕೋಪಿನಷ್ಟು ಸಣ್ಣ ವಸ್ತುವನ್ನು ಹುಡುಕಲು ಮಾಡಿದ್ದಾದರೂ, ನೆಲದ ಚಿತ್ರವನ್ನೂ ಬಿಡಿಸಿಕೊಡಬಲ್ಲದು. ಮೋಡವಿರಲಿ ಕತ್ತಲಿರಲಿ, ವಿಮಾನ ಗಡಿಯ ಈಚೆಗೇ ಎತ್ತರದಲ್ಲಿ ಹಾರುತ್ತಾ ಪಕ್ಕಕ್ಕೆ ನೋಡಿದರೆ ಆಚೆಯ ಕಣಿವೆ ಗೋಚರವಾಗುತ್ತದೆ. ಹೊಟ್ಟೆಯ ಕೆಳಗಿನ ಕ್ಯಾಮೆರಾ ಹಗಲಿಗೂ ಸೈ, ರಾತ್ರಿಗೂ ಸೈ. ಒಳಗೆ ಪರದೆಗಳ ಮುಂದೆ ಕೂತ ಸಿಬ್ಬಂದಿ ಕಂಡದ್ದನ್ನು ಕಂಡ ಹಾಗೆಯೇ ಕೆಳಗೆ ರವಾನಿಸುತ್ತಾರೆ. ಇಷ್ಟೆಲ್ಲ ಒಂದೇ ವಿಮಾನದಲ್ಲಿ ಇರುವಾಗ ಭೂಸೇನೆಯ ಕಮಾಂಡರ್ ಅದನ್ನು ಕೇಳದಿದ್ದರೇ ಆಶ್ಚರ್ಯ. ಒಮ್ಮೆ ರುಚಿ ಹತ್ತಿದರೆ ಮತ್ತೆ ಮತ್ತೆ ಕೇಳುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ.

ನನ್ನ ಚಿಂತೆ ಇರುವುದು ಈ ಮತ್ತೆ ಮತ್ತೆಯಲ್ಲಿ.

ನಮ್ಮಲ್ಲಿರುವ ಪಿ-8ಐಗಳು ಹನ್ನೆರಡು. 2009ರ ಒಪ್ಪಂದದ ಎಂಟು, 2016ರ ಒಪ್ಪಂದದ ನಾಲ್ಕು. ಒಂದು ತಂಡ ತಮಿಳುನಾಡಿನ ಅರಕ್ಕೋಣಂನಲ್ಲಿ, ಇನ್ನೊಂದು 2022ರ ಮಾರ್ಚಿನಿಂದ ಗೋವಾದಲ್ಲಿ. ಹಿಂದೆ ಇದೇ ಕೆಲಸ ಮಾಡುತ್ತಿದ್ದ ರಷ್ಯಾದ ಟಿಯು-142 ವಿಮಾನಗಳು 2017ರಲ್ಲಿ ನಿವೃತ್ತಿಯಾದವು, ಗೋವಾದ ಐಎಲ್-38ಗಳು 2023ರ ಅಕ್ಟೋಬರಿನಲ್ಲಿ. ಡಾರ್ನಿಯರ್‌ಗಳು ಇವೆಯಲ್ಲ ಎಂದು ಯಾರಾದರೂ ಕೇಳಬಹುದು. ಅವು ದಡದ ಹತ್ತಿರಕ್ಕೆ ಒಳ್ಳೆಯ ವಿಮಾನಗಳು, ಏಡನ್ ಕೊಲ್ಲಿಯ ತನಕ ಹೋಗಿ ಗಂಟೆಗಟ್ಟಲೆ ನಿಲ್ಲಲಾರವು. ಹಾಗಾಗಿ ಆಫ್ರಿಕಾದ ಕರಾವಳಿಯಿಂದ ಮಲಕ್ಕಾ ಜಲಸಂಧಿಯವರೆಗಿನ ದೂರದ ಕಾವಲೆಲ್ಲ ಬಹುಮಟ್ಟಿಗೆ ಈ ಹನ್ನೆರಡರ ಹೆಗಲ ಮೇಲೆ. ಹನ್ನೆರಡೂ ಒಂದೇ ದಿನ ಹಾರುವುದಿಲ್ಲ. ಒಂದು ದೊಡ್ಡ ರಿಪೇರಿಗೆ ನಿಂತಿರುತ್ತದೆ, ಇನ್ನೊಂದರ ಎಂಜಿನ್ ಬಿಚ್ಚಿರುತ್ತದೆ, ಮತ್ತೊಂದು ಹೊಸ ಹುಡುಗರ ತರಬೇತಿಗೆ ಬೇಕು. ಹ್ಯಾಂಗರಿನಲ್ಲಿ ದುಡಿದವರಿಗೆ ಇದು ಗೊತ್ತು. ಉಳಿದದ್ದರಲ್ಲಿ ಎರಡು ಉತ್ತರಕ್ಕೆ ಹೋದರೆ ಅರಬ್ಬಿ ಸಮುದ್ರಕ್ಕೆ ಮಿಕ್ಕುವುದು ಎಷ್ಟು?

ವಿಮಾನವಾದರೂ ಮರುದಿನ ವಾಪಸು ಬರುತ್ತದೆ. ಅದರೊಳಗಿನವರ ಕಿವಿ ಅಷ್ಟು ಬೇಗ ಬರುವುದಿಲ್ಲ.

ಜಲಾಂತರ್ಗಾಮಿಯನ್ನು ಹುಡುಕುವುದು ನೋಡುವ ಕೆಲಸಕ್ಕಿಂತ ಹೆಚ್ಚಾಗಿ ಕೇಳುವ ಕೆಲಸ. ವಿಮಾನದಿಂದ ಸೋನೊಬಾಯ್ ಎಂಬ ಕೊಳವೆಗಳನ್ನು ಸಾಲಾಗಿ ನೀರಿಗೆ ಬಿಡುತ್ತಾರೆ. ಪಿ-8ಐ ಇಂಥ ನೂರಕ್ಕೂ ಹೆಚ್ಚು ಕೊಳವೆಗಳನ್ನು ಹೊತ್ತೊಯ್ಯುತ್ತದೆ. ಕೊಳವೆಯ ಒಂದು ಭಾಗ ಮೇಲೆ ತೇಲುತ್ತದೆ, ಮೈಕ್ ಇರುವ ಭಾಗ ತಂತಿಯಲ್ಲಿ ಆಳಕ್ಕೆ ಇಳಿಯುತ್ತದೆ. ಅದು ಕೇಳಿದ್ದನ್ನು ರೇಡಿಯೊ ಮೂಲಕ ಮೇಲಕ್ಕೆ ಕಳಿಸುತ್ತದೆ. ಕೇಳಿಸುವುದಾದರೂ ಏನು? ನಮ್ಮ ಕಡೆಯ ಬೆಚ್ಚನೆಯ, ಹೆಚ್ಚು ಆಳವಿಲ್ಲದ ನೀರಿನಲ್ಲಿ ಮೊದಲು ಕೇಳಿಸುವುದು ಒಂದು ಜಾತಿಯ ಸಿಗಡಿಗಳು ಕೊಂಡಿ ಬಡಿಯುವ ಸದ್ದು, ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಒಂದೇ ಸಮನೆ ಚಟಪಟ. ಅದರ ಮೇಲೆ ಮಳೆ ಬಿದ್ದರೆ ಮಳೆಯ ಸದ್ದು. ಅದರ ಮೇಲೆ ಹತ್ತಾರು ಟ್ರಾಲ್ ಬೋಟುಗಳ ಡೀಸೆಲ್ ಎಂಜಿನ್. ದೂರದಲ್ಲೊಂದು ಕಂಟೇನರ್ ಹಡಗಿನ ಪ್ರೊಪೆಲ್ಲರ್. ಇವೆಲ್ಲದರ ಅಡಿಯಲ್ಲಿ, ಅಡಗಿರುವುದೇ ಕಸುಬಾಗಿರುವ ಒಂದು ಯಂತ್ರದ ಸಣ್ಣ ಗುಂಯ್‌ಗುಟ್ಟುವಿಕೆ. ಕಂಪ್ಯೂಟರ್ ಈಗ ಬಹಳ ನೆರವಾಗುತ್ತದೆ, ನಿಜ. ಆದರೂ ಪರದೆಯ ಮೇಲಿನ ಆ ತೆಳು ಗೆರೆ ಬೋಟಿನದ್ದಲ್ಲ, ಮೀನಿನದ್ದೂ ಅಲ್ಲ ಎಂದು ತೀರ್ಮಾನಿಸಿ ಬೆರಳಿಡುವುದು ಮನುಷ್ಯ.

ನೀರಿಗೂ ಒಂದು ಸ್ವಭಾವ ಇದೆ. ಮಳೆಗಾಲದಲ್ಲಿ ನಮ್ಮ ಕರಾವಳಿಯುದ್ದಕ್ಕೂ ತಳದ ತಣ್ಣೀರು ಮೇಲೇಳುತ್ತದೆ, ಅದರ ಹಿಂದೆಯೇ ಬೂತಾಯಿ ಮೀನು ಬರುತ್ತದೆ ಎಂದು ಇಲ್ಲಿ ಬೋಟು ನಡೆಸುವ ತಾಂಡೇಲರು ಬಲ್ಲರು. ಅದೇ ತಣ್ಣೀರು ಶಬ್ದದ ದಾರಿಯನ್ನೂ ಬಗ್ಗಿಸುತ್ತದೆ. ಗಾಳಿಯಿಲ್ಲದ ಸುಡುಬಿಸಿಲಿನ ಮಧ್ಯಾಹ್ನ ಮೇಲ್ಪದರ ಕಾದಾಗ ಶಬ್ದ ನೆಟ್ಟಗೆ ಸಾಗದೆ ಕೆಳಕ್ಕೆ ಬಾಗುತ್ತದೆ. ಬೆಳಿಗ್ಗೆ ಕೇಳಿಸುತ್ತಿದ್ದದ್ದು ಮಧ್ಯಾಹ್ನ ಕೇಳಿಸುವುದಿಲ್ಲ. ಮೈಕನ್ನು ಯಾವ ಪದರಕ್ಕೆ ಇಳಿಸಬೇಕು, ಕೊಳವೆಗಳ ನಡುವೆ ಎಷ್ಟು ಅಂತರ ಬಿಡಬೇಕು ಎನ್ನುವುದು ಈ ಕಡಲಿನ ಮೇಲೆ, ಈ ಋತುಗಳಲ್ಲಿ, ಮತ್ತೆ ಮತ್ತೆ ಹಾರಿದವರಿಗೆ ಮಾತ್ರ ಕೈಗೆ ಬರುವ ವಿದ್ಯೆ. ಲಡಾಖಿನ ಮೇಲೆ ಹಾರುವ ದಿನ ಆ ಸಿಬ್ಬಂದಿ ರಾಡಾರು ಮತ್ತು ಕ್ಯಾಮೆರಾದ ಮುಂದೆ ಕೂರುತ್ತಾರೆ. ಕೇಳುವವನಿಗೆ ಅಲ್ಲಿ ಕೆಲಸವಿಲ್ಲ. ತಿಂಗಳುಗಟ್ಟಲೆ ಹೀಗಾದರೆ ಆ ವಿದ್ಯೆ ಮಸುಕಾಗುತ್ತದೆ. ಯಾವ ಆಡಿಟ್ ವರದಿಯಲ್ಲೂ ಅದು ನಷ್ಟವೆಂದು ಕಾಣುವುದಿಲ್ಲ.

ಇದು ನನ್ನ ಕಲ್ಪನೆಯಲ್ಲ, ಬೇರೆಯವರು ಈ ದಾರಿಯಲ್ಲಿ ನಡೆದು ನೋಡಿದ್ದಾರೆ. 2001ರ ನಂತರ ಅಮೆರಿಕದ ಪಿ-3 ಓರಾಯನ್ ವಿಮಾನಗಳು ಅಫ್ಘಾನಿಸ್ತಾನ, ಇರಾಕ್‌ಗಳ ಮರುಭೂಮಿಯ ಮೇಲೆ ವರ್ಷಗಟ್ಟಲೆ ಹಾರಿದವು. ಕಡಲಿಗೆಂದು ಕಟ್ಟಿದ ಹಳೆಯ ವಿಮಾನಗಳ ಆಯುಷ್ಯದ ಗಂಟೆಗಳು ನೆಲದ ಮೇಲೆ ಖರ್ಚಾದವು. 2007ರ ಡಿಸೆಂಬರಿನಲ್ಲಿ ರೆಕ್ಕೆಯ ಲೋಹ ದಣಿದಿರುವುದು ಪತ್ತೆಯಾಗಿ 39 ವಿಮಾನಗಳನ್ನು ಒಮ್ಮೆಲೇ ನೆಲಕ್ಕಿಳಿಸಬೇಕಾಯಿತು. ಅದಕ್ಕೆ ವಯಸ್ಸು ಮುಖ್ಯ ಕಾರಣ. ಆದರೆ ಹಾರಾಟದ ಪ್ರತಿ ಗಂಟೆಯೂ ಆ ವಯಸ್ಸಿಗೆ ಸೇರುತ್ತದೆ. ಬ್ರಿಟನ್ನಿನ ಕಥೆ ಇನ್ನೂ ದಾರುಣ. ಅವರ ನಿಮ್ರಾಡ್ ವಿಮಾನ ಹುಟ್ಟಿದ್ದು ಅಟ್ಲಾಂಟಿಕ್ ಸಾಗರದಲ್ಲಿ ಸೋವಿಯತ್ ಜಲಾಂತರ್ಗಾಮಿಗಳನ್ನು ಹುಡುಕಲಿಕ್ಕೆ. 1982ರ ಫಾಕ್ಲೆಂಡ್ಸ್ ಯುದ್ಧದ ತುರ್ತಿನಲ್ಲಿ ಆಕಾಶದಲ್ಲೇ ಇಂಧನ ತುಂಬಿಸಿಕೊಳ್ಳುವ ವ್ಯವಸ್ಥೆಯನ್ನು ಅದಕ್ಕೆ ಜೋಡಿಸಿದರು. ಮುಂದೆ ಅಫ್ಘಾನಿಸ್ತಾನದಲ್ಲಿ ನೆಲದ ಸೈನಿಕರ ಮೇಲ್ಗಡೆ ಗಂಟೆಗಟ್ಟಲೆ ಸುತ್ತಲು ಆ ವ್ಯವಸ್ಥೆ ದಿನನಿತ್ಯದ್ದಾಯಿತು. 2006ರ ಸೆಪ್ಟೆಂಬರ್ 2ರಂದು ಕಂದಹಾರದ ಬಳಿ, ಹೀಗೆ ಇಂಧನ ತುಂಬಿಸಿಕೊಂಡ ಕೆಲವೇ ನಿಮಿಷಗಳಲ್ಲಿ, ಎಕ್ಸ್‌ವಿ230 ಸಂಖ್ಯೆಯ ನಿಮ್ರಾಡ್ ಬೆಂಕಿಗೆ ಆಹುತಿಯಾಯಿತು. ಒಳಗಿದ್ದ ಹದಿನಾಲ್ಕೂ ಮಂದಿ ಹೋದರು. ಸೋರಿದ ಇಂಧನ ಬಿಸಿ ಕೊಳವೆಗೆ ತಗುಲಿತ್ತು. ಚಾರ್ಲ್ಸ್ ಹ್ಯಾಡನ್-ಕೇವ್ ಎಂಬ ವಕೀಲರು 2009ರಲ್ಲಿ ಕೊಟ್ಟ ತನಿಖಾ ವರದಿಯನ್ನು ನಮ್ಮ ತಾಂತ್ರಿಕ ಸಿಬ್ಬಂದಿಯೆಲ್ಲ ಓದಬೇಕು. ಸುರಕ್ಷತೆಯ ಪರಿಶೀಲನೆ ಕಾಗದದ ಮೇಲೆ ಮುಗಿದಿತ್ತು, ವಿಮಾನದೊಳಗೆ ನಡೆದಿರಲಿಲ್ಲ ಎಂದು ಅದು ಪುಟಪುಟದಲ್ಲೂ ತೋರಿಸುತ್ತದೆ.

ಅಲ್ಲಿಗೆ ಮುಗಿಯಲಿಲ್ಲ. 2010ರಲ್ಲಿ ಬ್ರಿಟನ್ ನಿಮ್ರಾಡ್‌ಗಳನ್ನು ನಿಲ್ಲಿಸಿತು, ಅದರ ಜಾಗಕ್ಕೆ ಬರಬೇಕಿದ್ದ ಹೊಸ ಮಾದರಿಯನ್ನು ಖರ್ಚು ಉಳಿಸಲೆಂದು ರದ್ದು ಮಾಡಿತು. ಅವರ ಮೊದಲ ಪಿ-8 ಬಂದಿಳಿದದ್ದು 2020ರಲ್ಲಿ. ನಡುವಿನ ಹತ್ತು ವರ್ಷ ಒಂದು ದ್ವೀಪ ರಾಷ್ಟ್ರ ತನ್ನದೇ ದೂರಗಸ್ತಿನ ವಿಮಾನವಿಲ್ಲದೆ ಕಳೆಯಿತು. ಸ್ಕಾಟ್ಲೆಂಡಿನ ಕಡಲಿನಲ್ಲಿ ಅನುಮಾನ ಹುಟ್ಟಿದಾಗ ಮಿತ್ರದೇಶಗಳ ವಿಮಾನಗಳನ್ನು ಕರೆಸಿಕೊಳ್ಳಬೇಕಾಯಿತು. ವಿಮಾನ ನೆಲದ ಮೇಲೆ ಹಾರಿದ್ದೇ ಇದಕ್ಕೆ ಕಾರಣ ಎನ್ನುತ್ತಿಲ್ಲ. ಆದರೆ ಅದರ ಮೂಲ ಕೆಲಸವನ್ನು ಜನ ಮರೆತಾಗ ಬಜೆಟ್ಟಿನ ಕತ್ತರಿ ಮೊದಲು ಅದರ ಮೇಲೇ ಬೀಳುತ್ತದೆ.

ಗಡಿಯ ಹತ್ತಿರ ಹಾರುವುದರ ಅಪಾಯವನ್ನು ನಮ್ಮ ಉಪಖಂಡವೇ ಕಂಡಿದೆ. 1999ರ ಆಗಸ್ಟ್ 10ರಂದು ಕಚ್ಛ್ ರಣದ ಬಳಿ ಪಾಕಿಸ್ತಾನ ನೌಕಾಪಡೆಯ ಅಟ್ಲಾಂಟಿಕ್ ಎಂಬ ಹೆಸರಿನ ಗಸ್ತು ವಿಮಾನವನ್ನು ನಮ್ಮ ವಾಯುಪಡೆಯ ಮಿಗ್-21 ಹೊಡೆದುರುಳಿಸಿತು, ಹದಿನಾರು ಮಂದಿ ಸತ್ತರು. ಗಸ್ತು ವಿಮಾನ ದೊಡ್ಡದು, ಭಾರದ್ದು, ಯುದ್ಧವಿಮಾನ ಬೆನ್ನು ಹತ್ತಿದರೆ ತಪ್ಪಿಸಿಕೊಳ್ಳಲಾರದು. ಎದುರಿನವರ ಕ್ಷಿಪಣಿ ನೆಲೆಗಳು ಹತ್ತಿರವಿರುವ ಕಡೆ ಅದನ್ನು ಒಯ್ಯುವಾಗ ಒಂಬತ್ತು-ಹತ್ತು ತರಬೇತಾದ ಜೀವಗಳನ್ನೂ ಹನ್ನೆರಡರಲ್ಲಿ ಒಂದು ಪಾಲನ್ನೂ ಒಯ್ಯುತ್ತಿದ್ದೇವೆ. 2011ರ ಮೇ 22ರಂದು ಕರಾಚಿಯ ಮೆಹ್ರಾನ್ ನೌಕಾನೆಲೆಗೆ ನುಗ್ಗಿದ ಭಯೋತ್ಪಾದಕರು ಪಾಕಿಸ್ತಾನದ ಎರಡು ಓರಾಯನ್‌ಗಳನ್ನು ಸುಟ್ಟರು. ಬೆರಳೆಣಿಕೆಯಷ್ಟೇ ಇರುವ ವಿಮಾನಗಳಲ್ಲಿ ಎರಡು ಹೋದರೆ ಕಡಲಿನ ಎಷ್ಟು ಭಾಗ ಕುರುಡಾಗುತ್ತದೆ ಎಂದು ಪಾಕಿಸ್ತಾನದ ನೌಕಾಪಡೆಗೆ ಆಗ ಅರಿವಾಗಿರಬೇಕು.

ಮಾನ್ಯ ಸಚಿವರೇ, ನಮ್ಮದೇ ಇತಿಹಾಸವನ್ನು ಒಮ್ಮೆ ನೆನಪಿಸಿಕೊಳ್ಳಿ. 1971ರ ಡಿಸೆಂಬರ್ 9ರ ರಾತ್ರಿ ದಿಯು ಸಮೀಪ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿಯ ಟಾರ್ಪಿಡೊಗೆ ಐಎನ್‌ಎಸ್ ಖುಕ್ರಿ ಮುಳುಗಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗಿನೊಂದಿಗೇ ಹೋದರು. ಅವರೂ ಸೇರಿ 18 ಅಧಿಕಾರಿಗಳು, 176 ನಾವಿಕರು. ಆ ಕಾಲದಲ್ಲಿ ದೂರದ ಸಮುದ್ರ ಗಸ್ತು ನೌಕಾಪಡೆಯ ಕೈಯಲ್ಲಿ ಇರಲಿಲ್ಲ. ವಾಯುಪಡೆಯ ಸೂಪರ್ ಕಾನ್ಸ್ಟೆಲೇಶನ್ ವಿಮಾನಗಳು ಆ ಕೆಲಸ ಮಾಡುತ್ತಿದ್ದವು. ವಾಯುಪಡೆಗೆ ತನ್ನದೇ ಯುದ್ಧ ಇತ್ತು, ತನ್ನದೇ ಆದ್ಯತೆಗಳಿದ್ದವು. ಯುದ್ಧದ ನಂತರ ನೌಕಾಪಡೆ ವರ್ಷಗಟ್ಟಲೆ ವಾದಿಸಿತು. 1976ರಲ್ಲಿ ಆ ವಿಮಾನಗಳು ನೌಕಾಪಡೆಗೆ ಬಂದವು, ಮರುವರ್ಷ ಐಎಲ್-38ಗಳು, 1988ರಲ್ಲಿ ಟಿಯು-142ಗಳು. ಕಡಲ ಕಾವಲು ಯಾರಿಗೂ ಎರಡನೇ ಕೆಲಸ ಆಗಬಾರದು ಎಂದು ಅಂದು ತೀರ್ಮಾನವಾಗಿತ್ತು. ಅದೇ ಕೆಲಸ ಈಗ ನೌಕಾಪಡೆಯ ಕೈಯಲ್ಲಿದ್ದುಕೊಂಡೇ ಎರಡನೇ ಸಾಲಿಗೆ ಸರಿಯಬಾರದು. ಚೀನಾದ ನೆರವಿನಿಂದ ಪಾಕಿಸ್ತಾನ ಕಟ್ಟಿಸುತ್ತಿರುವ ಎಂಟು ಹೊಸ ಜಲಾಂತರ್ಗಾಮಿಗಳ ವರ್ಗಕ್ಕೂ ಹಂಗೋರ್ ಎಂದೇ ಹೆಸರಿಟ್ಟಿದ್ದಾರೆ. ಅವರು ಮರೆತಿಲ್ಲ.

ಇನ್ನು ಈ ಕರಾವಳಿ ಯಾಕೆ ಇಷ್ಟು ಆತಂಕಪಡುತ್ತದೆ ಎಂದು ದೆಹಲಿಯಲ್ಲಿ ಯಾರಾದರೂ ಕೇಳಿದರೆ, ನಕ್ಷೆ ಬಿಚ್ಚಿ ತೋರಿಸಿ. ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದು 25 ಲಕ್ಷ ಟನ್ ಕಚ್ಚಾ ತೈಲ ಹಿಡಿಸುವ ಭಂಡಾರ ಮಾಡಿದ್ದೀರಿ, ಮಂಗಳೂರಿನಲ್ಲಿ 15 ಲಕ್ಷ ಟನ್ನಿನದ್ದು. ದೇಶದ ತುರ್ತು ತೈಲ ಸಂಗ್ರಹದ ಬಹುಪಾಲಿಗೆ ಜಾಗ ಇರುವುದು ನಮ್ಮ ಮನೆಗಳ ಪಕ್ಕದಲ್ಲಿ. ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ ಇದೆ, ಪಣಂಬೂರಿನ ನವಮಂಗಳೂರು ಬಂದರು ಇದೆ, ಬಡಗಿಗೆ ಹೋದರೆ ಕಾರವಾರದ ಕದಂಬ ನೌಕಾನೆಲೆ. ಇವಕ್ಕೆಲ್ಲ ಬರುವ ದಾರಿ ಅರಬ್ಬಿ ಸಮುದ್ರವೇ.

2025ರ ಜೂನ್ 9ರಂದು ಕೇರಳದ ಆಚೆ ವಾನ್ ಹಾಯ್ 503 ಎಂಬ ಕಂಟೇನರ್ ಹಡಗಿಗೆ ಬೆಂಕಿ ಬಿದ್ದಾಗ ಐಎನ್‌ಎಸ್ ಸೂರತ್ ಹದಿನೆಂಟು ಮಂದಿಯನ್ನು ತಂದು ಇಳಿಸಿದ್ದು ಪಣಂಬೂರಿನಲ್ಲಿ. ನಾಲ್ವರು ಕಾಣೆಯಾಗಿದ್ದರು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟು ಏಳು ಮಂದಿಯ ಸಮೇತ ಕಣ್ಮರೆಯಾದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ನೌಕಾಪಡೆ, ಕೋಸ್ಟ್ ಗಾರ್ಡ್ ಎರಡೂ ಹುಡುಕಿದವು. ಜನ ಹೆದ್ದಾರಿಯಲ್ಲಿ ಕೂತರು. ಕೊನೆಗೆ ಮರುವರ್ಷದ ಮೇ ತಿಂಗಳಲ್ಲಿ ಐಎನ್‌ಎಸ್ ನಿರೀಕ್ಷಕ್ ಮಹಾರಾಷ್ಟ್ರದ ಮಾಲ್ವಣ್ ಆಚೆ ಸಮುದ್ರದ ತಳದಲ್ಲಿ ಅವಶೇಷಗಳನ್ನು ಪತ್ತೆ ಮಾಡಿತು. ಆ ನಾಲ್ಕೂವರೆ ತಿಂಗಳು ದಕ್ಕೆಯಲ್ಲಿ ಮೀನು ಹೊರುವ ಹೆಂಗಸರು, ಐಸ್ ಹೊಡೆಯುವ ಹುಡುಗರು ಯಾವುದೇ ವಿಮಾನದ ಸದ್ದು ಕೇಳಿದರೂ ಕೆಲಸ ನಿಲ್ಲಿಸಿ ತಲೆಯೆತ್ತುತ್ತಿದ್ದರು. ಅಂದು ವಿಮಾನಗಳನ್ನು ಗಡಿಗೆ ಕಳಿಸಿದ್ದರಿಂದ ಹೀಗಾಯಿತೆಂದು ನಾನು ಹೇಳುವುದಿಲ್ಲ, ಹಾಗೆ ಹೇಳಲು ಆಧಾರವೂ ಇಲ್ಲ. ಕಡಲಿಗೆ ಹೋದವರ ಮನೆಯವರಿಗೆ ಆಕಾಶದ ಕಣ್ಣು ಎಂದರೆ ಏನೆಂದು ತಮಗೆ ತಿಳಿದಿರಲಿ ಎಂದಷ್ಟೇ ಹೇಳಿದೆ.

ಈಗ ನಮ್ಮ ಕೋರಿಕೆ. ಪಿ-8ಐಗಳನ್ನು ಭೂಗಡಿಗೆ ಕಳಿಸಲೇಬೇಡಿ ಎಂದು ಕೇಳುವವನು ನಾನಲ್ಲ. ಯುದ್ಧದ ಸನ್ನಿವೇಶ ಬಂದರೆ ಕಳಿಸಿ. ಆದರೆ ಪ್ರತಿ ನಿಯೋಜನೆಗೂ ಕೊನೆಯ ದಿನಾಂಕ ಇರಲಿ, ಅದನ್ನು ಮುಂದುವರಿಸಬೇಕಾದರೆ ನೌಕಾಪಡೆ ಮುಖ್ಯಸ್ಥರು ಲಿಖಿತವಾಗಿ ಒಪ್ಪಲಿ. ಆ ದಿನಗಳಲ್ಲಿ ಕಡಲಿನ ಯಾವ ಗಸ್ತನ್ನು ಕೈಬಿಡಲಾಯಿತು, ಅದನ್ನು ಯಾರು ತುಂಬಿದರು ಎಂಬುದು ಅದೇ ಕಡತದಲ್ಲಿ ದಾಖಲಾಗಲಿ. ಜಲಾಂತರ್ಗಾಮಿ ಹುಡುಕಾಟದ ಅಭ್ಯಾಸಕ್ಕೆಂದು ಮೀಸಲಾದ ಹಾರಾಟದ ಗಂಟೆಗಳನ್ನು ಯಾವ ಕಾರಣಕ್ಕೂ ಬೇರೆಡೆಗೆ ತಿರುಗಿಸಬಾರದು. ಇವೆಲ್ಲದರಲ್ಲಿ ಇದೊಂದನ್ನು ಮಾತ್ರ ಒಪ್ಪಿದರೂ ನನಗೆ ಅರ್ಧ ನೆಮ್ಮದಿ.

ಭೂಸೇನೆ, ವಾಯುಪಡೆಗಳಿಗೆ ಅವರದೇ ಕಣ್ಣು ಬೇಗ ಕೊಡಿ. 2024ರ ಅಕ್ಟೋಬರಿನಲ್ಲಿ ಸಹಿಯಾದ 31 ಎಂಕ್ಯೂ-9ಬಿ ಡ್ರೋನ್‌ಗಳಲ್ಲಿ 15 ನೌಕಾಪಡೆಗೆ, ಉಳಿದ ಎರಡು ಪಡೆಗಳಿಗೆ ಎಂಟೆಂಟು. ಅವು ಬಂದ ಮೇಲೂ ನೌಕಾಪಡೆಯ ಹದಿನೈದು ಉತ್ತರಕ್ಕೆ ಹೊರಟರೆ ಇದೇ ಪತ್ರವನ್ನು ಮತ್ತೆ ಬರೆಯಬೇಕಾದೀತು. ಇನ್ನೂ ಆರು ಪಿ-8ಐಗಳ ಮಾರಾಟಕ್ಕೆ ಅಮೆರಿಕ 2021ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಬೆಲೆಯ ಚೌಕಾಸಿ ಬೇಕು, ತೆರಿಗೆ ಕಟ್ಟುವವರ ದುಡ್ಡು ಅದು. ಆದರೆ ವರ್ಷಗಳು ಉರುಳಿದಂತೆ ಇರುವ ಹನ್ನೆರಡರ ಮೇಲೆಯೇ ಭಾರ ಏರುತ್ತಾ ಹೋಗುತ್ತದೆ.

ಗುಟ್ಟು ಬಿಚ್ಚಿಡಿ ಎಂದು ನಾವು ಕೇಳುತ್ತಿಲ್ಲ. ಯಾವ ದಿನ ಯಾವ ವಿಮಾನ ಎಲ್ಲಿತ್ತು ಎಂಬುದು ನಮಗೆ ಬೇಡ. ವರ್ಷಕ್ಕೊಮ್ಮೆ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ಮುಂದೆ, ಬಾಗಿಲು ಮುಚ್ಚಿಯೇ ಆಗಲಿ, ಒಂದು ಲೆಕ್ಕ ಇಡಿ: ಈ ಹನ್ನೆರಡು ವಿಮಾನಗಳು ಕಡಲ ಮೇಲೆ ಹಾರಿದ ಗಂಟೆ ಎಷ್ಟು, ನೆಲದ ಮೇಲೆ ಎಷ್ಟು, ಸೋನೊಬಾಯ್ ಬಿಟ್ಟು ಮಾಡಿದ ಅಭ್ಯಾಸ ಎಷ್ಟು. ನಮ್ಮ ಎರಡೂ ಜಿಲ್ಲೆಗಳ ಸಂಸದರು ಪಕ್ಷಭೇದ ಬಿಟ್ಟು ಈ ಲೆಕ್ಕವನ್ನು ಕೇಳಬೇಕೆಂದು ಇದೇ ಪತ್ರದ ಮೂಲಕ ಅವರಿಗೂ ವಿನಂತಿಸುತ್ತೇನೆ. ಆಗಸ್ಟ್ ಒಂದಕ್ಕೆ ಮಳೆಗಾಲದ ನಿಷೇಧ ಮುಗಿದು ಬೋಟುಗಳು ಮತ್ತೆ ಕಡಲಿಗೆ ಇಳಿಯುತ್ತವೆ. ಅಷ್ಟರೊಳಗೆ ತಮ್ಮ ಸಚಿವಾಲಯದಿಂದ ಒಂದು ಉತ್ತರ ಬಂದರೆ ಅದನ್ನು ಮಲ್ಪೆಯ ದಕ್ಕೆಯಲ್ಲೂ ಮಂಗಳೂರಿನ ದಕ್ಕೆಯಲ್ಲೂ ಎಲ್ಲರಿಗೂ ಓದಿ ಹೇಳುವ ಹೊಣೆ ನನ್ನದು.

ಗೌರವಪೂರ್ವಕವಾಗಿ,

ನಿವೃತ್ತ ನಾವಿಕ
ಮಲ್ಪೆ, ಉಡುಪಿ ಜಿಲ್ಲೆ